ಸಿರಿಂಜ್ ಪಂಪ್ ಪ್ರೊಟೊಟೈಪ್ ಓಡ್ತಿದೆ. ಲೈಸೆನ್ಸ್, ಟೆಸ್ಟಿಂಗ್, ದುಡ್ಡು: ಯಾವುದು ಮೊದಲು?

ಸೂಜಿಮೊನೆ (ಪ್ರಶ್ನೆ)

ಮೈಸೂರಿನಲ್ಲಿ ಮೂವರ ತಂಡ ನಮ್ಮದು. ಪ್ರೈವೇಟ್ ಲಿಮಿಟೆಡ್ ಆಗಿ ಇನ್ನೂ ಎರಡು ವರ್ಷ ತುಂಬಿಲ್ಲ, ಡಿಪಿಐಐಟಿ (ಕೇಂದ್ರದ ಉದ್ಯಮ ಇಲಾಖೆ) ಕೊಡುವ ಸ್ಟಾರ್ಟಪ್ ಮಾನ್ಯತೆ ಇದೆ. ಐಸಿಯು ಮತ್ತು ಎನ್‌ಐಸಿಯುಗೆ (ನವಜಾತ ಶಿಶುಗಳ ಐಸಿಯು) ಸಿರಿಂಜ್ ಇನ್‌ಫ್ಯೂಷನ್ ಪಂಪ್ ಮಾಡಿದ್ದೇವೆ.

ಸದ್ಯದ ಸ್ಥಿತಿ: 10, 20, 50 ಮಿಲೀ ಸಿರಿಂಜ್ ಹಿಡಿಯುತ್ತದೆ. ವೇಗ ಗಂಟೆಗೆ 0.1ರಿಂದ 200 ಮಿಲೀ. ಸ್ಟೆಪರ್ ಮೋಟರ್, 1:50 ಗೇರ್‌ಬಾಕ್ಸ್, 1 ಮಿಮೀ ಪಿಚ್‌ನ ಲೀಡ್ ಸ್ಕ್ರೂ. ಬಾಡಿ 3ಡಿ ಪ್ರಿಂಟ್. ಲೈನ್ (ರೋಗಿಗೆ ಹೋಗುವ ಕೊಳವೆ) ಕಟ್ಟಿಕೊಂಡರೆ ಮೋಟರ್ ಕರೆಂಟ್ ನೋಡಿ ಅಲಾರಂ ಕೊಡುತ್ತದೆ. ಒತ್ತಡ ಏರುವ ಇಳಿಜಾರು ನೋಡಿ ಮುಂಚೆಯೇ ಎಚ್ಚರಿಸುವ ಸಾಫ್ಟ್‌ವೇರ್ ನಮ್ಮ ವಿಶೇಷ. ಗಂಟೆಗೆ 5 ಮಿಲೀ ಇಟ್ಟಾಗ ದೋಷ ಶೇ 3ರ ಒಳಗೆ ಬರುತ್ತಿದೆ.

ಕೇಳಬೇಕಾದ್ದು:

1. ಬೆಂಗಳೂರಿನ ಒಂದು ಯೂನಿಟ್‌ಗೆ ಬೇರೊಂದು ಕ್ಲಾಸ್ ಬಿ ಉಪಕರಣಕ್ಕೆ ಎಂಡಿ-5 ಲೈಸೆನ್ಸ್ ಇದೆ. ಅವರ ಜಾಗದಲ್ಲಿ ನಾವು ಲೋನ್ ಲೈಸೆನ್ಸ್ (ಇನ್ನೊಬ್ಬರ ಘಟಕ ಬಳಸಿ ತಯಾರಿಸುವ ಲೈಸೆನ್ಸ್) ತೆಗೆದುಕೊಂಡು ಮಾಡಬಹುದೇ?

2. ಪರಿಚಯದ ನರ್ಸಿಂಗ್ ಹೋಮ್ ವೈದ್ಯರು "ಎರಡು ಬೆಡ್‌ಗೆ ಹಾಕಿ ನೋಡೋಣ, ಕೊಡಿ" ಅಂತಿದ್ದಾರೆ. ಕೊಡಬಹುದೇ?

3. ಬೈರಾಕ್‌ನ (ಕೇಂದ್ರದ ಜೈವಿಕ ತಂತ್ರಜ್ಞಾನ ಉತ್ತೇಜನ ಸಂಸ್ಥೆ) ಬಿಗ್ ಗ್ರಾಂಟ್, ಸ್ಟಾರ್ಟಪ್ ಇಂಡಿಯಾ ಸೀಡ್ ಫಂಡ್, ರಾಜ್ಯದ ಎಲಿವೇಟ್, ಮೂರಕ್ಕೂ ಹಾಕುವ ಯೋಚನೆ. ಜೊತೆಗೆ ಒಬ್ಬ ಸಂಬಂಧಿಕರು 10 ಲಕ್ಷ, ಅಮೆರಿಕದಲ್ಲಿರುವ ಇನ್ನೊಬ್ಬರು 20 ಲಕ್ಷ ಹಾಕಲು ತಯಾರಿದ್ದಾರೆ, ಕನ್ವರ್ಟಿಬಲ್ ನೋಟ್ (ಮುಂದೆ ಷೇರಾಗಬಲ್ಲ ಸಾಲಪತ್ರ) ಕೊಡಿ ಅಂತಾರೆ. ಯಾವುದನ್ನು ಮೊದಲು ತಗೊಳ್ಳೋದು?

ಫರ್ಮ್‌ವೇರ್ ಬರೆದವರು ಹೊರಗಿನ ಗೆಳೆಯರು, ಒಪ್ಪಂದದ ಮೇಲೆ. ಮೊದಲ ಮಾಡೆಲ್‌ನ ಸ್ವಲ್ಪ ಕೆಲಸ ಕಾಲೇಜಿನ ಲ್ಯಾಬ್‌ನಲ್ಲಿ ಆಗಿತ್ತು. ಇದು ಮುಂದೆ ಅಡ್ಡ ಬರುತ್ತಾ ಅನ್ನೋದೂ ಗೊತ್ತಾಗಬೇಕು.

---

ಕಡತದಾರ

ಮೊದಲು 1 ಮತ್ತು 2.

ಉಪಕರಣಗಳನ್ನು ಅಪಾಯದ ಮಟ್ಟದ ಮೇಲೆ ಎ (ಕಡಿಮೆ) ಇಂದ ಡಿ (ಹೆಚ್ಚು) ತನಕ ವಿಂಗಡಿಸುತ್ತಾರೆ. ಸಿರಿಂಜ್ ಪಂಪ್ ಕ್ಲಾಸ್ ಸಿ. ಮದ್ದನ್ನು ಅಳತೆ ಮಾಡಿ ಮೈಯೊಳಗೆ ಬಿಡುವ ಯಂತ್ರ, ಅಳತೆ ತಪ್ಪಿದರೆ ಜೀವಕ್ಕೆ ಅಪಾಯ, ಹಾಗಾಗಿ. ಮೆಡಿಕಲ್ ಡಿವೈಸಸ್ ರೂಲ್ಸ್ 2017ರ ಪ್ರಕಾರ ಕ್ಲಾಸ್ ಎ, ಬಿ ತಯಾರಿಕೆಯ ಲೈಸೆನ್ಸ್ ರಾಜ್ಯದ ಪ್ರಾಧಿಕಾರದಿಂದ: ಅರ್ಜಿ ಎಂಡಿ-3, ಲೈಸೆನ್ಸ್ ಎಂಡಿ-5. ಕ್ಲಾಸ್ ಸಿ, ಡಿ ನೇರ ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ ಸಿಡಿಎಸ್‌ಸಿಒದಿಂದ: ಅರ್ಜಿ ಎಂಡಿ-7, ಲೈಸೆನ್ಸ್ ಎಂಡಿ-9. 2023ರ ಅಕ್ಟೋಬರ್ 1ರಿಂದ ಸಿ, ಡಿ ಎಲ್ಲಕ್ಕೂ ಲೈಸೆನ್ಸ್ ಕಡ್ಡಾಯ.

ಲೋನ್ ಲೈಸೆನ್ಸ್ ಯೋಚನೆ ಇಲ್ಲಿ ನಡೆಯುವುದಿಲ್ಲ. ನಿಯಮದ ವ್ಯಾಖ್ಯೆಯಲ್ಲೇ ಇದೆ: ಆ ಜಾಗದ ಮಾಲೀಕ ಯಾವ ಉಪಕರಣ ತಯಾರಿಸುತ್ತಿದ್ದಾನೋ ಅದೇ ಉಪಕರಣಕ್ಕೆ ಮಾತ್ರ ಇನ್ನೊಬ್ಬರಿಗೆ ಲೋನ್ ಲೈಸೆನ್ಸ್. ಅವರ ಬಳಿ ಬೇರೆ ಉಪಕರಣದ ಎಂಡಿ-5 ಇದ್ದು ನಿಮ್ಮದು ಸಿರಿಂಜ್ ಪಂಪ್ ಆದರೆ ದಾರಿ ಮುಚ್ಚಿತು. ಈಗಾಗಲೇ ಇನ್‌ಫ್ಯೂಷನ್ ಪಂಪ್‌ಗೆ ಎಂಡಿ-9 ಇರುವ ಯೂನಿಟ್ ಸಿಕ್ಕರೆ ಎಂಡಿ-8 ಹಾಕಿ ಎಂಡಿ-10 ಪಡೆಯಬಹುದು. ಆದರೆ ಅವರು ನಿಮ್ಮ ಪ್ರತಿಸ್ಪರ್ಧಿ, ಯಾಕೆ ಒಪ್ಪುತ್ತಾರೆ ಅನ್ನೋದು ಬೇರೆ ಮಾತು. ಸರ್ಕ್ಯೂಟ್ ಬೋರ್ಡ್ ಅಸೆಂಬ್ಲಿ, ಮೋಲ್ಡಿಂಗ್ ಎಲ್ಲ ಹೊರಗೆ ಮಾಡಿಸಿ, ಕೊನೆಯ ಜೋಡಣೆ, ಕ್ಯಾಲಿಬ್ರೇಶನ್, ತಪಾಸಣೆ, ಬಿಡುಗಡೆ ಸ್ವಂತ ಜಾಗದಲ್ಲಿ ಇಟ್ಟುಕೊಳ್ಳುವುದು ಸಣ್ಣ ಕಂಪನಿಗೆ ಸರಿಹೋಗುವ ರೀತಿ. ಹೊರಗಿನವರು ನಿಮ್ಮ ಸಪ್ಲೈಯರ್ ಪಟ್ಟಿಯಲ್ಲಿ, ಒಪ್ಪಂದ ಮತ್ತು ಆಡಿಟ್ ವರದಿ ಸಮೇತ ಇರಬೇಕು.

ಈಗಲೇ ಹಾಕಬೇಕಾದ್ದು ಎಂಡಿ-12, ಅಂದರೆ ಟೆಸ್ಟ್ ಲೈಸೆನ್ಸ್ ಅರ್ಜಿ. ಸಿಗುವುದು ಎಂಡಿ-13. ಪರೀಕ್ಷೆ, ಮೌಲ್ಯಮಾಪನ, ಪ್ರದರ್ಶನ, ತರಬೇತಿಗೆ ಸಣ್ಣ ಸಂಖ್ಯೆಯಲ್ಲಿ ತಯಾರಿಸಲೂ ಇದು ಬೇಕು. ಯಾವ ಕ್ಲಾಸ್ ಆದರೂ ಕೇಂದ್ರಕ್ಕೇ ಅರ್ಜಿ. ಒಂದು ಉಪಕರಣಕ್ಕೆ ಶುಲ್ಕ 500 ರೂಪಾಯಿ. ಇಷ್ಟು ಅಗ್ಗದ ಕಾಗದವನ್ನು ಬಿಟ್ಟು ಲ್ಯಾಬ್ ಟೆಸ್ಟ್ ಮಾಡಿಸಿಕೊಂಡವರು, ಮುಂದೆ ಎಂಡಿ-7 ಹಾಕಿದಾಗ "ಈ ಸ್ಯಾಂಪಲ್ ಯಾವ ಲೈಸೆನ್ಸ್ ಅಡಿ ತಯಾರಾಯಿತು" ಎಂಬ ಪ್ರಶ್ನೆಗೆ ತಡವರಿಸುತ್ತಾರೆ. ಎಷ್ಟು ಯೂನಿಟ್ ಎಂದು ಅರ್ಜಿಯಲ್ಲಿ ಬರೆಯುವಾಗ ಜಿಪುಣತನ ಬೇಡ: ಸುರಕ್ಷತೆಗೆ, ಇಎಂಸಿಗೆ (ವಿದ್ಯುತ್ಕಾಂತೀಯ ಅಡ್ಡಿಯ ಪರೀಕ್ಷೆ), ಹರಿವಿನ ಪರೀಕ್ಷೆಗೆ ಬೇರೆ ಬೇರೆ, ಒಡೆದು ಹೋಗುವವು ಬೇರೆ, ನರ್ಸ್‌ಗಳ ಕೈಗೆ ಕೊಡುವವು ಬೇರೆ.

ನರ್ಸಿಂಗ್ ಹೋಮ್‌ಗೆ ರೋಗಿಯ ಮೇಲೆ ಹಾಕಲು ಕೊಡಬೇಡಿ. ಎಥಿಕ್ಸ್ ಕಮಿಟಿ ಒಪ್ಪಿಗೆ ಇಲ್ಲ, ಪ್ರೊಟೋಕಾಲ್ ಇಲ್ಲ, ಲೈಸೆನ್ಸ್ ಇಲ್ಲ. ಏನಾದರೂ ಆದರೆ 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆ ಅನ್ವಯವಾಗುತ್ತದೆ, ವೈದ್ಯರೂ ಸಿಕ್ಕಿಬೀಳುತ್ತಾರೆ. ಅದೇ ಪಂಪನ್ನು ಖಾಲಿ ಬೆಡ್ ಪಕ್ಕ ನಿಲ್ಲಿಸಿ, ಸಲೈನ್ ತುಂಬಿ, ಬೀಕರ್‌ಗೆ ಹರಿಸಿ, ನರ್ಸ್‌ಗಳಿಂದ ಡೋಸ್ ಹಾಕಿಸಿ ನೋಡಿ. 1.0 ಹಾಕಬೇಕಾದಲ್ಲಿ 10 ಒತ್ತುತ್ತಾರೋ, ಅಲಾರಂ ನಿಲ್ಲಿಸಲು ಯಾವ ಬಟನ್ ಹುಡುಕುತ್ತಾರೋ ಬರೆದಿಟ್ಟುಕೊಳ್ಳಿ. ಐಇಸಿ 62366-1 ಕೇಳುವ ಬಳಕೆಯ ಸುಲಭತೆಯ ದಾಖಲೆಗೆ ಅದೇ ಮೊದಲ ಕಂತು.

ಸಿರಿಂಜ್ ಪಂಪ್‌ಗೆ ದೇಶದಲ್ಲಿ ಈಗಾಗಲೇ ಅನುಮೋದಿತ ಪೂರ್ವ ಮಾದರಿಗಳಿವೆ. ಅವುಗಳ ಸಮಾನ ಎಂದು ತೋರಿಸಿದರೆ ಸಾಮಾನ್ಯವಾಗಿ ಹೊಸ ಕ್ಲಿನಿಕಲ್ ಇನ್ವೆಸ್ಟಿಗೇಶನ್ ಬೇಡ. ಬಳಕೆಯ ಉದ್ದೇಶ, ಹರಿವಿನ ವ್ಯಾಪ್ತಿ, ನಿಖರತೆ, ಅಲಾರಂ ಒತ್ತಡದ ಮಟ್ಟಗಳು, ವಿದ್ಯುತ್ ಸುರಕ್ಷತೆಯ ವರ್ಗ, ಸಾಲು ಸಾಲಾಗಿ ಹೋಲಿಕೆ ಪಟ್ಟಿ ಬೇಕು. ಇಲ್ಲೇ ನಿಮ್ಮ "ವಿಶೇಷ" ತೊಂದರೆ ಕೊಡುವುದು. "ನವಜಾತ ಶಿಶುಗಳಲ್ಲಿ ಅಡಚಣೆಯನ್ನು ಮುಂಚಿತವಾಗಿ ಊಹಿಸುತ್ತದೆ" ಎಂದು ಉದ್ದೇಶದ ಸಾಲಿನಲ್ಲಿ ಬರೆದಿರೋ, ಪೂರ್ವ ಮಾದರಿ ಕೈತಪ್ಪುತ್ತದೆ. ಆಮೇಲೆ ಎಂಡಿ-22ರಲ್ಲಿ ಕ್ಲಿನಿಕಲ್ ಇನ್ವೆಸ್ಟಿಗೇಶನ್‌ಗೆ ಅನುಮತಿ, ಅದು ಮುಗಿದ ಮೇಲೆ ಎಂಡಿ-26. ವರ್ಷಗಳ ಲೆಕ್ಕ. ಮೊದಲ ಆವೃತ್ತಿಯಲ್ಲಿ ಸಾಮಾನ್ಯ ಅಡಚಣೆ ಅಲಾರಂ ಮಾತ್ರ ಹೇಳಿಕೊಳ್ಳಿ.

ಎಂಡಿ-7 ಶುಲ್ಕ: ಜಾಗಕ್ಕೆ 50,000, ಪ್ರತಿ ಉಪಕರಣಕ್ಕೆ 1,000. ಇದರ ಜೊತೆ ಪ್ಲಾಂಟ್ ಮಾಸ್ಟರ್ ಫೈಲ್, ಡಿವೈಸ್ ಮಾಸ್ಟರ್ ಫೈಲ್. ತಪಾಸಣೆಗೆ ಬರುವವರು ನೋಡುವುದು ನಿಯಮದ ಐದನೇ ಷೆಡ್ಯೂಲ್‌ನ ಗುಣಮಟ್ಟ ವ್ಯವಸ್ಥೆ. ಐಎಸ್‌ಒ 13485 ಸರ್ಟಿಫಿಕೇಟ್ ಲೈಸೆನ್ಸ್‌ಗೆ ಕಡ್ಡಾಯವಲ್ಲ, ಆದರೆ ಟೆಂಡರ್‌ಗಳು ಕೇಳುತ್ತವೆ. ಲೈಸೆನ್ಸ್‌ಗೆ ಅವಧಿ ಮುಗಿಯುವುದಿಲ್ಲ, ಐದು ವರ್ಷಕ್ಕೊಮ್ಮೆ ರಿಟೆನ್ಶನ್ ಶುಲ್ಕ ಕಟ್ಟಬೇಕು.

---

ಲೀಡ್‌ಸ್ಕ್ರೂ

ಕಾಗದದ ಮಾತು ಅವರು ಹೇಳಿದರು. ಯಂತ್ರದ ಮಾತು ನಾನು ಹೇಳ್ತೀನಿ. ಈ ವಿನ್ಯಾಸ ಹೀಗೇ ಲ್ಯಾಬ್‌ಗೆ ಹೋದರೆ ಫೇಲ್.

5 ಮಿಲೀ ವೇಗದಲ್ಲಿ ಶೇ 3 ಬಂದರೆ ಏನೂ ಸಾಬೀತಾಗಲ್ಲ. ಕಷ್ಟ ಇರೋದು ಕೆಳಗಿನ ತುದಿಯಲ್ಲಿ. ಲೆಕ್ಕ ಹಾಕಿ: 50 ಮಿಲೀ ಸಿರಿಂಜ್‌ನ ಒಳವ್ಯಾಸ 26.7 ಮಿಮೀ ಅಂದುಕೊಂಡರೆ ಅಡ್ಡಕೊಯ್ತ ಸುಮಾರು 560 ಚದರ ಮಿಮೀ. ಗಂಟೆಗೆ 0.1 ಮಿಲೀ ಅಂದರೆ ಪ್ಲಂಜರ್ ನಿಮಿಷಕ್ಕೆ 3 ಮೈಕ್ರೋಮೀಟರ್ ಸರಿಯಬೇಕು. ನಿಮ್ಮ 200 ಸ್ಟೆಪ್ ಮೋಟರ್, 1:50 ಗೇರ್, 1 ಮಿಮೀ ಪಿಚ್‌ನಲ್ಲಿ ಒಂದು ಸ್ಟೆಪ್ 0.1 ಮೈಕ್ರೋಮೀಟರ್, ಅಂದರೆ ಎರಡು ಸೆಕೆಂಡಿಗೊಂದು ಸ್ಟೆಪ್. ಕಾಗದದ ಮೇಲೆ ಚೆಂದ. ಆದರೆ ರಬ್ಬರ್ ಪಿಸ್ಟನ್ ಹಾಗೆ ಜಾರಲ್ಲ. ಅಂಟಿಕೊಂಡು ನಿಲ್ಲುತ್ತೆ, ಬಲ ಕೂಡುತ್ತೆ, ಆಮೇಲೆ ಫಕ್ಕನೆ ಜಿಗಿಯುತ್ತೆ. ಎನ್‌ಐಸಿಯುನಲ್ಲಿ ಆ ಜಿಗಿತವೇ ಬೋಲಸ್, ಅಂದರೆ ಒಮ್ಮೆಲೇ ಒಳಹೋಗುವ ಮದ್ದು. ಇದಕ್ಕೆ ಮೊದಲ ಮದ್ದು ಸಣ್ಣ ಸಿರಿಂಜ್: ಕಡಿಮೆ ವೇಗಕ್ಕೆ 50 ಮಿಲೀ ಸಿರಿಂಜ್ ಹಾಕಿದರೆ ಪಂಪ್ ಎಚ್ಚರಿಸಬೇಕು, ಪ್ರತಿ ಸಿರಿಂಜ್ ಗಾತ್ರಕ್ಕೂ ಕನಿಷ್ಠ ವೇಗ ಬೇರೆ ಇಡಿ.

ಬಾಡಿ. ಲೈನ್ ಕಟ್ಟಿ 300 ಎಂಎಂಎಚ್‌ಜಿ ಒತ್ತಡ ಬಂದಾಗ 560 ಚದರ ಮಿಮೀ ಮೇಲೆ ಬೀಳುವ ಬಲ ಸುಮಾರು 22 ನ್ಯೂಟನ್, ಜೊತೆಗೆ ಪ್ಲಂಜರ್ ಘರ್ಷಣೆ. ಪ್ರಿಂಟ್ ಮಾಡಿದ ಪ್ಲಾಸ್ಟಿಕ್ ಅಷ್ಟಕ್ಕೆ ಬಾಗುತ್ತೆ. 0.1 ಮಿಮೀ ಬಾಗಿದರೆ 56 ಮೈಕ್ರೋಲೀಟರ್ ಮದ್ದು ಹೋಗಲಿಲ್ಲ ಅಂತ. ಗಂಟೆಗೆ 1 ಮಿಲೀ ವೇಗದಲ್ಲಿ ಅದು ಮೂರೂವರೆ ನಿಮಿಷದ ಮದ್ದು, 0.1ರಲ್ಲಿ ಅರ್ಧ ಗಂಟೆಗೂ ಮೇಲೆ. ಸ್ಕ್ರೂ, ಗೈಡ್ ರಾಡ್, ಸಿರಿಂಜ್ ಆಸನ ಮೂರೂ ಒಂದೇ ಅಲ್ಯೂಮಿನಿಯಂ ಚೌಕಟ್ಟಿಗೆ ಕೂರಬೇಕು. ಪ್ಲಾಸ್ಟಿಕ್ ಬರೀ ಹೊದಿಕೆ.

ಮೋಟರ್ ಕರೆಂಟ್ ನೋಡಿ ಅಡಚಣೆ ಹಿಡಿಯೋದು ಬಿಟ್ಟುಬಿಡಿ. 1:50 ಗೇರ್, ಅದರ ಮುಂದೆ ಸ್ಕ್ರೂ. ಪ್ಲಂಜರ್ ಮೇಲಿನ ಬಲ ಮೋಟರ್‌ಗೆ ತಲುಪುವಾಗ ಗೇರ್‌ನ ಘರ್ಷಣೆಯ ಗದ್ದಲದಲ್ಲಿ ಮುಳುಗಿಹೋಗಿರುತ್ತೆ. ಗ್ರೀಸ್ ತಣ್ಣಗಾದರೆ ಒಂದು ಓದು, ಬಿಸಿಯಾದರೆ ಇನ್ನೊಂದು. ಪ್ಲಂಜರ್ ತಳ್ಳುವ ತಲೆಯಲ್ಲೇ ಲೋಡ್ ಸೆಲ್ ಹಾಕಿ. ಇಳಿಜಾರು ನೋಡುವ ನಿಮ್ಮ ಸಾಫ್ಟ್‌ವೇರ್‌ಗೂ ಬೇಕಿರೋದು ಅದೇ ಶುದ್ಧ ಸಂಕೇತ.

ಯಾಕೆ ಇಷ್ಟು ಒತ್ತಿ ಹೇಳ್ತೀನಿ ಅಂದ್ರೆ: ಸಿರಿಂಜ್, ಲೈನ್, ಚೌಕಟ್ಟು ಎಲ್ಲ ಸೇರಿ 300 ಎಂಎಂಎಚ್‌ಜಿ ಮುಟ್ಟುವಷ್ಟರಲ್ಲಿ ಅರ್ಧ ಮಿಲೀ ನುಂಗುತ್ತೆ ಅಂದುಕೊಳ್ಳಿ. ಗಂಟೆಗೆ 1 ಮಿಲೀ ವೇಗದಲ್ಲಿ ಅಲಾರಂ ಬರಲು ಅರ್ಧ ಗಂಟೆ, 0.1ರಲ್ಲಿ ಐದು ಗಂಟೆ. ಅಷ್ಟು ಹೊತ್ತು ಮಗುವಿಗೆ ಮದ್ದಿಲ್ಲ. ಆಮೇಲೆ ಯಾರೋ ಮಡಚಿದ ಲೈನ್ ಬಿಡಿಸಿದರು, ಅರ್ಧ ಮಿಲೀ ನಾರ್‌ಅಡ್ರಿನಲಿನ್ ಒಮ್ಮೆಲೇ ಒಳಕ್ಕೆ. ಅಲಾರಂ ಬಂದ ಕೂಡಲೇ ಮೋಟರ್ ಹಿಂದಕ್ಕೆ ತಿರುಗಿ ಒತ್ತಡ ಇಳಿಸಬೇಕು, ಮತ್ತು ಎಷ್ಟು ಬೋಲಸ್ ಉಳಿಯುತ್ತೆ ಅನ್ನೋದನ್ನು ಅಳೆದು ಮ್ಯಾನುಯಲ್‌ನಲ್ಲಿ ಕೊಡಬೇಕು.

ಸಿರಿಂಜ್ ಬ್ರ್ಯಾಂಡ್ ಆಯ್ಕೆ ಕಡ್ಡಾಯ ಮಾಡಿ. ಸಾಫ್ಟ್‌ವೇರ್ 26.7 ಮಿಮೀ ಅಂತ ನಂಬಿ ನಿಜಕ್ಕೂ 29 ಮಿಮೀ ಇರೋ ಸಿರಿಂಜ್ ಹಾಕಿದರೆ ಶೇ 18 ಹೆಚ್ಚು ಮದ್ದು ಹೋಗುತ್ತೆ. ಬೇರೆಲ್ಲ ಸರಿ ಇದ್ದರೂ.

ಪ್ಲಂಜರ್ ತಲೆಯನ್ನು ಹಿಡಿಯುವ ಕ್ಲಿಪ್ ಇದೆಯಾ? ಬರೀ ತಳ್ಳುವ ಫಲಕ ಆದರೆ, ಪಂಪ್ ರೋಗಿಗಿಂತ ಮೇಲಿದ್ದಾಗ ಮದ್ದು ತಾನೇ ಸೆಳೆದುಕೊಂಡು ಇಳಿಯಬಹುದು. ಪ್ಲಂಜರ್ ಕೂತಿದೆಯಾ, ಬ್ಯಾರೆಲ್ ಕೂತಿದೆಯಾ, ಎರಡಕ್ಕೂ ಬೇರೆ ಬೇರೆ ಸೆನ್ಸರ್ ಬೇಕು.

ಮೋಟರ್ ಸ್ಟೆಪ್ ತಪ್ಪಿದರೆ ನಿಮಗೆ ಗೊತ್ತಾಗುತ್ತಾ? ಒಂದೇ ದೋಷ ಬಂದರೂ ಅಪಾಯ ಆಗಬಾರದು ಅನ್ನೋದು ಐಇಸಿ 60601-1ರ (ವೈದ್ಯಕೀಯ ವಿದ್ಯುತ್ ಉಪಕರಣಗಳ ಸುರಕ್ಷತಾ ಮಾನದಂಡ) ಬುನಾದಿ. ತಳ್ಳುವ ತಲೆಯ ಸ್ಥಾನ ಓದುವ ಬೇರೆ ಎನ್‌ಕೋಡರ್ ಅಥವಾ ಲೀನಿಯರ್ ಪೊಟೆನ್ಷಿಯೋಮೀಟರ್ ಬೇಕು, ಅದನ್ನು ಎರಡನೇ ಸಣ್ಣ ಮೈಕ್ರೋಕಂಟ್ರೋಲರ್ ಓದಿ, ಲೆಕ್ಕ ತಪ್ಪಿದರೆ ಮೋಟರ್‌ನ ವಿದ್ಯುತ್ ಕಡಿಯಬೇಕು. ಹೀಗೆ ಹೊರಗಿನ ಹಾರ್ಡ್‌ವೇರ್ ಕಾವಲು ಇದ್ದರೆ ಐಇಸಿ 62304ರಲ್ಲಿ (ವೈದ್ಯಕೀಯ ಸಾಫ್ಟ್‌ವೇರ್‌ನ ಮಾನದಂಡ) ಮುಖ್ಯ ಸಾಫ್ಟ್‌ವೇರ್‌ನ ಸುರಕ್ಷತಾ ವರ್ಗ ಇಳಿಸುವ ವಾದಕ್ಕೂ ಜಾಗ ಸಿಗುತ್ತೆ. ಇಲ್ಲದಿದ್ದರೆ ನೇರ ಸಾಫ್ಟ್‌ವೇರ್ ಕ್ಲಾಸ್ ಸಿ (ಲೈಸೆನ್ಸ್‌ನ ಕ್ಲಾಸ್ ಸಿ ಬೇರೆ), ಸಾಫ್ಟ್‌ವೇರ್‌ನ ಪ್ರತಿ ಯೂನಿಟ್‌ಗೂ ವಿವರವಾದ ವಿನ್ಯಾಸ ದಾಖಲೆ.

ಹರಿವಿನ ಪರೀಕ್ಷೆ ಐಇಸಿ 60601-2-24 (ಇನ್‌ಫ್ಯೂಷನ್ ಪಂಪ್‌ಗಳ ಮಾನದಂಡ) ಪ್ರಕಾರ. ಲ್ಯಾಬ್‌ಗೆ ಹೋಗೋ ಮೊದಲು ನಿಮ್ಮಲ್ಲೇ ಮಾಡಿ: 0.1 ಮಿಗ್ರಾಂ ತೋರಿಸುವ ತಕ್ಕಡಿ, ಶುದ್ಧ ನೀರು, ಸೂಜಿಯ ತುದಿ ನೀರಿನೊಳಗೆ ಮುಳುಗಿರಲಿ, ನೀರಿನ ಮೇಲೆ ತೆಳು ಪ್ಯಾರಫಿನ್ ಎಣ್ಣೆ. ಎಣ್ಣೆ ಹಾಕದಿದ್ದರೆ ಆವಿಯಾಗಿ ಹೋಗಿದ್ದನ್ನೇ ಪಂಪ್‌ನ ದೋಷ ಅಂತ ಅಳೀತೀರಿ. ಮೇಜು ಅಲುಗಬಾರದು, ಫ್ಯಾನ್ ಬಂದ್. 30 ಸೆಕೆಂಡಿಗೊಮ್ಮೆ ತೂಕ ದಾಖಲಾಗಲಿ. ಆ ದತ್ತಾಂಶದಿಂದ ಆರಂಭದ ಕರ್ವ್ ಮತ್ತು 2, 5, 11, 19, 31 ನಿಮಿಷದ ಕಿಟಕಿಗಳ ಟ್ರಂಪೆಟ್ ಕರ್ವ್ (ಅಳೆಯುವ ಅವಧಿ ಚಿಕ್ಕದಾದಂತೆ ದೋಷ ಎಷ್ಟು ಹಿಗ್ಗುತ್ತೆ ಅಂತ ತೋರಿಸುವ ಗೆರೆ) ಬರುತ್ತೆ. 31 ನಿಮಿಷದಲ್ಲಿ ಶೇ 2 ಇರೋ ಪಂಪ್ 2 ನಿಮಿಷದಲ್ಲಿ ಶೇ 30 ತೋರಿಸಬಹುದು. ಅಲ್ಲಿ ಗೇರ್‌ನ ಹಲ್ಲು, ಸ್ಕ್ರೂನ ವಕ್ರತೆ ಎಲ್ಲ ಬಯಲಾಗುತ್ತೆ. ಏರಿಳಿತ ಸ್ಕ್ರೂನ ಒಂದು ಸುತ್ತಿಗೆ ಸರಿಯಾಗಿ ಮರುಕಳಿಸಿದರೆ ದೋಷ ಸ್ಕ್ರೂದ್ದೇ.

ಪವರ್ ಸಪ್ಲೈ ನೀವೇ ಮಾಡೋ ಉಸಾಬರಿ ಬೇಡ. 2 ಎಂಒಪಿಪಿ (ರೋಗಿಯ ರಕ್ಷಣೆಗೆ ಎರಡು ತಡೆ) ಪ್ರಮಾಣಿತ ಮೆಡಿಕಲ್ ಮಾಡ್ಯೂಲ್ ಕೊಳ್ಳಿ. 4,000 ವೋಲ್ಟ್ ತಾಳಿಕೆ, 8 ಮಿಮೀ ಕ್ರೀಪೇಜ್ (ಮೇಲ್ಮೈ ಉದ್ದಕ್ಕೂ ಇರುವ ಅಂತರ) ಎಲ್ಲ ಅದರೊಳಗೇ ಬಂದಿರುತ್ತೆ. ಟೈಪ್ ಸಿಎಫ್ (ಹೃದಯಕ್ಕೆ ನೇರ ಸಂಪರ್ಕಕ್ಕೂ ಆಗುವ ಬಿಗಿ ವರ್ಗ) ಅಂತ ಹೇಳಿಕೊಂಡರೆ ರೋಗಿಗೆ ಸೋರುವ ಕರೆಂಟ್ ಸಾಮಾನ್ಯ ಸ್ಥಿತಿಯಲ್ಲಿ 10 ಮೈಕ್ರೋಆಂಪಿಯರ್, ಒಂದು ದೋಷದಲ್ಲಿ 50. ಅದಕ್ಕಿಂತ ಸಡಿಲ ವರ್ಗ ಬಿಎಫ್ ಆದರೆ 100 ಮತ್ತು 500. ಇಎಂಸಿಯಲ್ಲಿ ಹೊಸಬರು ಬೀಳೋದು ಸ್ಟ್ಯಾಟಿಕ್ ಪರೀಕ್ಷೆಯಲ್ಲಿ: ತಾಗಿಸಿ 8 ಕೆವಿ, ಗಾಳಿಯಲ್ಲಿ 15 ಕೆವಿ. ಕೀಪ್ಯಾಡ್ ಅಂಚಿಗೆ ಕಿಡಿ ಹೊಡೆದಾಗ ಪ್ರೊಸೆಸರ್ ರೀಸೆಟ್ ಆಗಿ ಪಂಪ್ ಸದ್ದಿಲ್ಲದೆ ನಿಂತರೆ ಫೇಲ್. ಕೀಪ್ಯಾಡ್‌ನ ರಿಬ್ಬನ್‌ಗೆ ಸುತ್ತ ನೆಲದ ಪಟ್ಟಿ, ಕನೆಕ್ಟರ್ ಹತ್ತಿರವೇ ಟಿವಿಎಸ್ ಡಯೋಡ್ ಹಾಕಿ.

ಒಂದು ಉಳಿತಾಯ: ಮದ್ದು ಮುಟ್ಟೋದು ಸಿರಿಂಜ್ ಮತ್ತು ಲೈನ್, ನಿಮ್ಮ ಪಂಪ್ ಅಲ್ಲ. ಐಎಸ್‌ಒ 10993 ಜೈವಿಕ ಪರೀಕ್ಷೆಗಳ ದೊಡ್ಡ ಪಟ್ಟಿ ನಿಮಗೆ ಬೇಕಾಗಿಲ್ಲ. ಯಾಕೆ ಬೇಡ ಅಂತ ರಿಸ್ಕ್ ಫೈಲ್‌ನಲ್ಲಿ ಕಾರಣ ಬರೆದಿಡಿ.

---

ಪಾಲುಪತ್ರ

ಮೂರನೇ ಪ್ರಶ್ನೆ. ದುಡ್ಡಿನಲ್ಲಿ ಕ್ರಮ ತಪ್ಪಿದರೆ ಒಂದು ಬಾಗಿಲು ಇನ್ನೊಂದನ್ನು ಮುಚ್ಚುತ್ತದೆ.

ಸೀಡ್ ಫಂಡ್: ಕಂಪನಿಗೆ ಎರಡು ವರ್ಷ ತುಂಬುವ ಮೊದಲೇ ಅರ್ಜಿ. ಬೇರೆ ಕೇಂದ್ರ ಅಥವಾ ರಾಜ್ಯ ಯೋಜನೆಯಿಂದ 10 ಲಕ್ಷಕ್ಕಿಂತ ಹೆಚ್ಚು ಹಣ ಪಡೆದಿರಬಾರದು. ಸಿಗುವುದು ಪ್ರೊಟೊಟೈಪ್ ಹಂತಕ್ಕೆ 20 ಲಕ್ಷದವರೆಗೆ ಗ್ರಾಂಟ್, ಮಾರುಕಟ್ಟೆ ಹಂತಕ್ಕೆ 50 ಲಕ್ಷದವರೆಗೆ ಸಾಲ ಅಥವಾ ಕನ್ವರ್ಟಿಬಲ್ ರೂಪದಲ್ಲಿ. ಬಿಗ್ ಗ್ರಾಂಟ್ 18 ತಿಂಗಳಿಗೆ 50 ಲಕ್ಷದವರೆಗೆ, ಎಲಿವೇಟ್ ಕೂಡ 50 ಲಕ್ಷದವರೆಗೆ. ಅಂದರೆ ಬಿಗ್ ಅಥವಾ ಎಲಿವೇಟ್ ಮೊದಲು ಬಂದರೆ ಸೀಡ್ ಫಂಡ್ ಹೋಯಿತು. ಹಾಗಾಗಿ ಮೊದಲು ನಿಮ್ಮ ಇನ್‌ಕ್ಯುಬೇಟರ್ ಬಳಿ ಸೀಡ್ ಫಂಡ್‌ನ ಅರ್ಜಿ ಈಗ ತೆರೆದಿದೆಯೇ ಕೇಳಿ. ತೆರೆದಿದ್ದರೆ ಅದು, ಆಮೇಲೆ ಬಿಗ್. ಬಿಗ್ ಅರ್ಜಿ ವರ್ಷಕ್ಕೆ ಎರಡು ಸಲ, ಜನವರಿ 1 ಮತ್ತು ಜುಲೈ 1ಕ್ಕೆ ತೆರೆಯುವ ರೂಢಿ. ಬೆಂಗಳೂರಿನಲ್ಲಿ ಸಿ-ಕ್ಯಾಂಪ್ ಬಿಗ್ ಪಾಲುದಾರ ಸಂಸ್ಥೆ. ಅರ್ಜಿ ತುಂಬುವ ಮೊದಲು ಅವರ ಜೊತೆ ಮಾತಾಡಿ.

ಬಿಗ್‌ನಲ್ಲಿ "ಸಿರಿಂಜ್ ಪಂಪ್ ಮಾಡ್ತೀವಿ, ಅಗ್ಗ" ಅಂದರೆ ಮೊದಲ ಸುತ್ತಲ್ಲೇ ಮನೆಗೆ. ಅವರಿಗೆ ಹೊಸತನ ಬೇಕು. ನಿಮ್ಮದರಲ್ಲಿ ಹೊಸದು ಇಳಿಜಾರಿನ ಮುನ್ನೆಚ್ಚರಿಕೆ ಒಂದೇ. ಇಲ್ಲಿ ಕಡತದಾರರ ಸಲಹೆಗೆ ನನ್ನ ಅರ್ಧ ತಕರಾರಿದೆ. ಲೈಸೆನ್ಸ್ ಅರ್ಜಿಯಲ್ಲಿ "ಹಳೆಯದರಂತೆಯೇ" ಅನ್ನಬೇಕು, ಗ್ರಾಂಟ್ ಮತ್ತು ಪೇಟೆಂಟ್ ಅರ್ಜಿಯಲ್ಲಿ "ಹಿಂದೆ ಇರಲಿಲ್ಲ" ಅನ್ನಬೇಕು. ಎರಡೂ ಕಡತ ಒಂದೇ ಹೂಡಿಕೆದಾರನ ಮೇಜಿಗೆ ಬರುತ್ತವೆ, ವಕೀಲರು ಪಕ್ಕಪಕ್ಕ ಇಟ್ಟು ಓದುತ್ತಾರೆ. ಆದ್ದರಿಂದ ವಿಶೇಷವನ್ನು ಬಚ್ಚಿಡಬೇಡಿ, ಎರಡು ಉತ್ಪನ್ನವಾಗಿ ಒಡೆಯಿರಿ: ಆವೃತ್ತಿ 1 ಸಾಮಾನ್ಯ ಅಲಾರಂ, ಆವೃತ್ತಿ 2 ಮುನ್ನೆಚ್ಚರಿಕೆ. ಬಿಗ್ ಹಣ ಆವೃತ್ತಿ 2ರ ಸಾಬೀತಿಗೆ. ಮೈಲಿಗಲ್ಲುಗಳನ್ನು ಅಳೆಯಬಹುದಾದ ಹಾಗೆ ಬರೆಯಿರಿ: "ಗಂಟೆಗೆ 0.5 ಮಿಲೀ ವೇಗದಲ್ಲಿ, ಇಂಥ ಸಿರಿಂಜ್‌ನಲ್ಲಿ, ಲೈನ್ ಕಟ್ಟಿದ ಇಷ್ಟು ನಿಮಿಷದೊಳಗೆ ಪತ್ತೆ, ಇಷ್ಟು ಗಂಟೆಗೆ ಒಂದಕ್ಕಿಂತ ಹೆಚ್ಚು ಸುಳ್ಳು ಅಲಾರಂ ಇಲ್ಲ." ಕಂತುಗಳು ಮೈಲಿಗಲ್ಲಿಗೆ ಕಟ್ಟಿಕೊಂಡಿರುತ್ತವೆ. "ಬಳಕೆದಾರರಿಗೆ ಅನುಕೂಲ" ಎಂಬಂಥದ್ದನ್ನು ಬರೆದರೆ ಮುಂದಿನ ಕಂತಿಗೆ ನೀವೇ ಕಾಯುತ್ತೀರಿ.

ಪೇಟೆಂಟ್: ನರ್ಸಿಂಗ್ ಹೋಮ್‌ನಲ್ಲಿ ತೋರಿಸುವ ಮೊದಲು, ಸ್ಪರ್ಧೆಯಲ್ಲಿ ಪೋಸ್ಟರ್ ಅಂಟಿಸುವ ಮೊದಲು ಪ್ರೊವಿಷನಲ್ (ತಾತ್ಕಾಲಿಕ) ಅರ್ಜಿ ಹಾಕಿ. ಸ್ಟಾರ್ಟಪ್‌ಗೆ ಆನ್‌ಲೈನ್ ಶುಲ್ಕ 1,600. ಪೂರ್ಣ ವಿವರಣೆ 12 ತಿಂಗಳೊಳಗೆ. ಬರೀ ಅಲ್ಗಾರಿದಂ ಎಂದು ಬರೆದರೆ ಸೆಕ್ಷನ್ 3(ಕೆ) ಅಡಿ ತಿರಸ್ಕಾರ. ಲೋಡ್ ಸೆಲ್, ಮೋಟರ್ ಹಿಂದೆಗೆತ, ಅಲಾರಂ ಎಲ್ಲ ಸೇರಿದ ವ್ಯವಸ್ಥೆಯಾಗಿ ಕ್ಲೇಮ್ ಬರೆಸಿ.

ಈಗ ಸಂಬಂಧಿಕರ ದುಡ್ಡು. ಕನ್ವರ್ಟಿಬಲ್ ನೋಟ್‌ಗೆ ಒಬ್ಬರಿಂದ ಒಂದೇ ಕಂತಿನಲ್ಲಿ ಕನಿಷ್ಠ 25 ಲಕ್ಷ ಬೇಕು. 10 ಲಕ್ಷಕ್ಕೂ 20 ಲಕ್ಷಕ್ಕೂ ನೋಟ್ ಬರೆದರೆ ಅದು ಕಂಪನಿ ಕಾಯ್ದೆಯಲ್ಲಿ "ಠೇವಣಿ" ಎನಿಸಿಕೊಳ್ಳಬಹುದು, ಆಗ ದಂಡದ ಬಾಬ್ತು. ಕಡ್ಡಾಯವಾಗಿ ಷೇರಾಗುವ ಪ್ರಿಫರೆನ್ಸ್ ಷೇರು, ಅಂದರೆ ಸಿಸಿಪಿಎಸ್ ಕೊಡಿ. ಪಿಎಎಸ್-4 ಆಫರ್ ಪತ್ರ, ಪ್ರತ್ಯೇಕ ಬ್ಯಾಂಕ್ ಖಾತೆ, ಹಣ ಬಂದ 60 ದಿನದೊಳಗೆ ಷೇರು ಹಂಚಿಕೆ, ಹಂಚಿದ 15 ದಿನದೊಳಗೆ ಹಂಚಿಕೆಯ ವರದಿ ಪಿಎಎಸ್-3. ಪಿಎಎಸ್-3 ಸಲ್ಲಿಸುವ ತನಕ ಆ ಹಣ ಮುಟ್ಟುವಂತಿಲ್ಲ. ಖಾತೆಗೆ ಬಂದ ಮರುದಿನವೇ ಮೋಲ್ಡ್‌ಗೆ ಅಡ್ವಾನ್ಸ್ ಕೊಡುವ ಆತುರ ಎಲ್ಲರಿಗೂ ಇರುತ್ತದೆ. ಬೇಡ.

ಅಮೆರಿಕದವರ ಪಾಸ್‌ಪೋರ್ಟ್ ಯಾವುದು ಕೇಳಿ. ಎನ್‌ಆರ್‌ಐ ಆಗಿದ್ದು, ವಾಪಸ್ ಒಯ್ಯುವ ಹಕ್ಕಿಲ್ಲದ ರೀತಿ ಹಾಕಿದರೆ ಅದು ದೇಶೀ ಹೂಡಿಕೆಗೆ ಸಮ. ವಾಪಸ್ ಒಯ್ಯಬೇಕು ಅಂದರೆ ವಿದೇಶಿ ಹೂಡಿಕೆ: ವ್ಯಾಲ್ಯುಯೇಶನ್ ವರದಿ, ಹಂಚಿಕೆಯಾದ 30 ದಿನದೊಳಗೆ ಎಫ್‌ಸಿ-ಜಿಪಿಆರ್ (ರಿಸರ್ವ್ ಬ್ಯಾಂಕ್‌ಗೆ ಕೊಡುವ ವರದಿ). ವೈದ್ಯಕೀಯ ಉಪಕರಣಕ್ಕೆ ಶೇ 100 ಸ್ವಯಂಚಾಲಿತ ಮಾರ್ಗ ಇದೆ, ಅನುಮತಿ ಕೇಳಬೇಕಾಗಿಲ್ಲ. ಆದರೆ ಬಿಗ್‌ಗೆ ಶೇ 51 ಷೇರು ಭಾರತೀಯ ಪಾಸ್‌ಪೋರ್ಟ್ ಇರುವವರ ಕೈಲಿರಬೇಕು, ಒಸಿಐ (ವಿದೇಶಿ ಪೌರತ್ವದ ಭಾರತೀಯ ಮೂಲದವರು) ಅದರಲ್ಲಿ ಲೆಕ್ಕಕ್ಕಿಲ್ಲ. 2025ರ ಏಪ್ರಿಲ್‌ನಿಂದ ಏಂಜೆಲ್ ಟ್ಯಾಕ್ಸ್ (ಷೇರಿಗೆ ಪಡೆದ ಹೆಚ್ಚುವರಿ ಬೆಲೆಯ ಮೇಲಿನ ತೆರಿಗೆ) ಇಲ್ಲ, ಆ ತಲೆನೋವು ಹೋಯಿತು.

ನೀವು ಕೊನೆಗೆ ಸೇರಿಸಿದ ಎರಡು ಸಾಲೇ ನಿಜವಾದ ಅಪಾಯ. ಹೊರಗಿನವರು ಬರೆದ ಫರ್ಮ್‌ವೇರ್‌ನ ಹಕ್ಕು, ಬರಹದ ವರ್ಗಾವಣೆ ಇಲ್ಲದಿದ್ದರೆ, ಬರೆದವರದ್ದೇ. ನೀವು ಹಣ ಕೊಟ್ಟಿದ್ದೀರಿ ಅನ್ನೋದು ಸಾಲದು. ವರ್ಗಾವಣೆ ಪತ್ರದಲ್ಲಿ ಅವಧಿ ಬರೆಯದಿದ್ದರೆ ಕಾಪಿರೈಟ್ ಕಾಯ್ದೆ ಐದು ವರ್ಷ ಎಂದು ಊಹಿಸುತ್ತದೆ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ. "ಶಾಶ್ವತವಾಗಿ, ಜಗತ್ತಿನಾದ್ಯಂತ" ಎಂದು ಬರೆಸಿ, ಸೋರ್ಸ್ ಕೋಡ್, ಬಿಲ್ಡ್ ಮಾಡುವ ಸಾಧನ, ಹಳೆಯ ಆವೃತ್ತಿಗಳ ಸಮೇತ. ಕಾಲೇಜಿನಿಂದ "ಈ ಆವಿಷ್ಕಾರದಲ್ಲಿ ನಮಗೆ ಹಕ್ಕಿಲ್ಲ" ಎಂಬ ಪತ್ರ ಈಗ ಕೇಳಿದರೆ ಪ್ರಾಂಶುಪಾಲರು ಸಹಿ ಹಾಕುತ್ತಾರೆ. ಹೂಡಿಕೆ ಸುದ್ದಿ ಪೇಪರ್‌ನಲ್ಲಿ ಬಂದ ಮೇಲೆ ಕೇಳಿದರೆ ಸಮಿತಿ ರಚನೆಯಾಗುತ್ತದೆ.

ದೊಡ್ಡ ವೆಂಚರ್ ಫಂಡ್‌ಗಳ ಬಾಗಿಲು ಈಗ ತಟ್ಟಬೇಡಿ. ಎಂಡಿ-9 ಇಲ್ಲದ ಕ್ಲಾಸ್ ಸಿ ಉಪಕರಣಕ್ಕೆ ಅವರು ಕೊಡುವ ಬೆಲೆಗೆ ನಿಮ್ಮ ಪಾಲು ಕರಗುತ್ತದೆ. ಬೈರಾಕ್‌ನದ್ದೇ ಸೀಡ್ ನಿಧಿ (ಮೇಲೆ ಹೇಳಿದ ಸೀಡ್ ಫಂಡ್ ಅಲ್ಲ) 30 ಲಕ್ಷದವರೆಗೆ, ಲೀಪ್ ನಿಧಿ 1 ಕೋಟಿಯವರೆಗೆ ಇನ್‌ಕ್ಯುಬೇಟರ್ ಮೂಲಕ ಷೇರಿನ ರೂಪದಲ್ಲಿ ಇವೆ. ಬಿಗ್‌ನ ನಂತರದ ಮೆಟ್ಟಿಲು ಅವು.

---

ಸೂಜಿಮೊನೆ

ಎಲ್ಲರಿಗೂ ಧನ್ಯವಾದ. ಪ್ಲಂಜರ್ ಕ್ಲಿಪ್ ಇಲ್ಲ, ಬರೀ ಫಲಕ. ಬದಲಾಯಿಸುತ್ತೇವೆ. ಇನ್ನೊಂದು: ಆಸ್ಪತ್ರೆಯವರು ಕೊಳ್ಳುವಾಗ ಬೆಲೆ ಬಿಟ್ಟು ಏನು ನೋಡ್ತಾರೆ? ಪರಿಚಯದ ದರ ಅಂತ ತೀರಾ ಕಡಿಮೆ ಎಂಆರ್‌ಪಿ ಇಟ್ಟು ಶುರು ಮಾಡುವ ಯೋಚನೆ ಇದೆ. ಬ್ಯಾಟರಿ ಎಷ್ಟು ಹೊತ್ತು ಬರಬೇಕು?

---

ವಾರ್ಡ್ ಬಯೋಮೆಡ್

ಕಡಿಮೆ ಎಂಆರ್‌ಪಿ ಇಟ್ಟು ಶುರು ಮಾಡಬೇಡಿ ಮಾರಾಯ್ರೆ. 2020ರ ಏಪ್ರಿಲ್ 1ರಿಂದ ಎಲ್ಲ ವೈದ್ಯಕೀಯ ಉಪಕರಣಗಳೂ ಡಿಪಿಸಿಒ 2013ರ (ಔಷಧ ಬೆಲೆ ನಿಯಂತ್ರಣ ಆದೇಶ) ನಿಗಾದಲ್ಲಿವೆ. 12 ತಿಂಗಳಲ್ಲಿ ಶೇ 10ಕ್ಕಿಂತ ಹೆಚ್ಚು ಎಂಆರ್‌ಪಿ ಏರಿಸುವಂತಿಲ್ಲ. ತಳದಲ್ಲಿ ಕೂತರೆ ಮೇಲೆ ಬರಲು ವರ್ಷಗಳು. ಸರಿಯಾದ ಎಂಆರ್‌ಪಿ ಇಟ್ಟು ಡಿಸ್ಕೌಂಟ್ ಕೊಡಿ.

ಜಿಎಸ್‌ಟಿಯಲ್ಲಿ ಒಂದು ಸಿಕ್ಕು ಇದೆ. 2025ರ ಸೆಪ್ಟೆಂಬರ್ 22ರಿಂದ ಇಂಥ ಉಪಕರಣಗಳಿಗೆ ಶೇ 5, ನೀವು ಕೊಳ್ಳುವ ಎಲೆಕ್ಟ್ರಾನಿಕ್ ಬಿಡಿಭಾಗಗಳಿಗೆ ಶೇ 18. ವ್ಯತ್ಯಾಸದ ಹಣ ಖಾತೆಯಲ್ಲಿ ಕೂತಿರುತ್ತೆ, ಆರ್‌ಎಫ್‌ಡಿ-01 ಹಾಕಿ ವಾಪಸ್ ಕೇಳಬೇಕು. ಆದರೆ ಆ ವಾಪಸಿಯ ಸೂತ್ರದಲ್ಲಿ ಸೇವೆಗಳೂ ಯಂತ್ರೋಪಕರಣಗಳೂ ಬರಲ್ಲ. ಲ್ಯಾಬ್ ಟೆಸ್ಟ್ ಬಿಲ್‌ನ ಜಿಎಸ್‌ಟಿ, ಮೋಲ್ಡ್‌ನ ಜಿಎಸ್‌ಟಿ ಅಲ್ಲೇ ಸಿಕ್ಕಿಕೊಳ್ಳುತ್ತೆ. ಬಜೆಟ್ ಹಾಕುವಾಗ ಇವನ್ನು ತೆರಿಗೆ ಸೇರಿಸಿಯೇ ಬರೆಯಿರಿ.

ಸರ್ಕಾರಿ ಖರೀದಿ ಕರ್ನಾಟಕದಲ್ಲಿ ರಾಜ್ಯದ ಮೆಡಿಕಲ್ ಸಪ್ಲೈಸ್ ಕಾರ್ಪೊರೇಶನ್ ಟೆಂಡರ್ ಅಥವಾ ಜೆಮ್ (ಸರ್ಕಾರದ ಆನ್‌ಲೈನ್ ಖರೀದಿ ತಾಣ). ವಾರಂಟಿ ಮುಗಿದ ಮೇಲಿನ ಸಿಎಂಸಿ (ಬಿಡಿಭಾಗ ಸಮೇತ ನಿರ್ವಹಣೆ) ದರವನ್ನೂ ಟೆಂಡರ್‌ನಲ್ಲೇ ಕೇಳ್ತಾರೆ, ಎಲ್1 (ಅತಿ ಕಡಿಮೆ ಬೆಲೆ ಯಾರದ್ದು ಅನ್ನೋ) ಲೆಕ್ಕಕ್ಕೆ ಅದೂ ಸೇರಬಹುದು. ಸಿಎಂಸಿ ಅಂದರೆ ಬ್ಯಾಟರಿ, ಕೀಪ್ಯಾಡ್ ಎಲ್ಲ ನಿಮ್ಮ ತಲೆ ಮೇಲೆ. ಸ್ಟಾರ್ಟಪ್‌ಗೆ ಹಿಂದಿನ ಅನುಭವ, ಟರ್ನೋವರ್ ವಿನಾಯಿತಿ ಕೇಂದ್ರದ ಹಣಕಾಸು ನಿಯಮಾವಳಿ ಜಿಎಫ್‌ಆರ್‌ನಲ್ಲಿದೆ, ಆದರೆ ಗುಣಮಟ್ಟದ ಷರತ್ತಿಗೆ ವಿನಾಯಿತಿ ಇಲ್ಲ. ಉದ್ಯಮ್ (ಸಣ್ಣ ಉದ್ಯಮದ) ನೋಂದಣಿ ಮಾಡಿಸಿಕೊಳ್ಳಿ. ಬಿಲ್ ಪಾವತಿಗೆ ಗರಿಷ್ಠ 45 ದಿನ ಅಂತ ಕಾಯ್ದೆ ಇದ್ದರೂ ನಗದು ಲೆಕ್ಕವನ್ನು ಅದರ ಮೇಲೆ ಕಟ್ಟಬೇಡಿ.

ಖಾಸಗಿ ಆಸ್ಪತ್ರೆಯಲ್ಲಿ ನನ್ನಂಥವರು ನೋಡೋದು: ಈ ವರ್ಷದ ರೇಟ್ ಕಾಂಟ್ರಾಕ್ಟ್‌ನಲ್ಲಿ ಬಂದ ಸಿರಿಂಜ್ ಬ್ರ್ಯಾಂಡ್ ನಿಮ್ಮ ಪಟ್ಟಿಯಲ್ಲಿದೆಯಾ? ಮುಂದಿನ ವರ್ಷ ಬದಲಾದರೆ ಹೊಸ ಬ್ರ್ಯಾಂಡನ್ನು ಪಾಸ್‌ವರ್ಡ್ ಹಾಕಿ ವಾರ್ಡ್‌ನಲ್ಲೇ ಸೇರಿಸಬಹುದಾ, ಇಲ್ಲ ಮೈಸೂರಿಗೆ ಕಳಿಸಬೇಕಾ? ಸರ್ವಿಸ್ ಮ್ಯಾನುಯಲ್ ಕೊಡ್ತೀರಾ? ಲೋಡ್ ಸೆಲ್ ಕ್ಯಾಲಿಬ್ರೇಶನ್‌ಗೆ ಯಾವ ತೂಕ ಬೇಕು?

ಮೊದಲು ಕೈಕೊಡೋದು ಕೀಪ್ಯಾಡ್‌ನ ಸ್ಟಾರ್ಟ್ ಬಟನ್. ಉಗುರಿನಿಂದ ಒತ್ತಿ ಒತ್ತಿ ಮೆಂಬ್ರೇನ್ ತೂತಾಗುತ್ತೆ, ಸಲೈನ್ ಒಳಗಿಳಿಯುತ್ತೆ. ಎರಡನೇದು ಪೋಲ್ ಕ್ಲಾಂಪ್‌ನ ಥ್ರೆಡ್. ಮೂರನೇದು ಸಿರಿಂಜ್ ಒತ್ತುವ ಪಾರದರ್ಶಕ ಕೈ: ಪಾಲಿಕಾರ್ಬೊನೇಟ್ ಆದರೆ ಕೆಲವು ಸೋಂಕುನಿವಾರಕಗಳಿಂದ ಒರೆಸಿ ಒರೆಸಿ, ಸ್ಕ್ರೂ ಬಿಗಿದ ಜಾಗದಿಂದ ಕೂದಲೆಳೆ ಬಿರುಕು ಶುರುವಾಗುತ್ತೆ. ಯಾವ ದ್ರಾವಣದಲ್ಲಿ ಒರೆಸಬಹುದು ಅಂತ ನೀವು ಪರೀಕ್ಷೆ ಮಾಡಿ ಬರೆದಿಲ್ಲ ಅಂದರೆ ವಾರ್ಡ್‌ನಲ್ಲಿ ಸಿಕ್ಕಿದ್ದರಲ್ಲಿ ಒರೆಸ್ತಾರೆ.

---

ಕಡತದಾರ

ಪಾಲುಪತ್ರದವರ ಎರಡು ಆವೃತ್ತಿಯ ಮಾತಿಗೆ ಅಡ್ಡಿಯಿಲ್ಲ, ಒಂದು ಎಚ್ಚರಿಕೆ: ಆವೃತ್ತಿ 1ರ ಫರ್ಮ್‌ವೇರ್‌ನಲ್ಲಿ ಆವೃತ್ತಿ 2ರ ಕೋಡ್ "ಆಫ್" ಮಾಡಿ ಕೂರಿಸಬೇಡಿ. ಐಇಸಿ 62304 ದಾಖಲೆಯಲ್ಲಿ ಅದೂ ಸಾಫ್ಟ್‌ವೇರ್‌ನ ಭಾಗವೇ, ಪರೀಕ್ಷೆ ಮಾಡಿದ್ದೀರಾ ಎಂದು ಕೇಳುತ್ತಾರೆ. ಬೇರೆ ಬ್ರಾಂಚ್, ಬೇರೆ ಬಿಲ್ಡ್. ಲೈಸೆನ್ಸ್ ಬಂದ ಮೇಲೆ ಆವೃತ್ತಿ 2ಕ್ಕೆ ಹೋಗುವಾಗ ನಿಯಮದ ಆರನೇ ಷೆಡ್ಯೂಲ್ ನೋಡಿ. ಉದ್ದೇಶಿತ ಬಳಕೆಯ ಬದಲಾವಣೆ, ಕಾರ್ಯಕ್ಷಮತೆ ಮುಟ್ಟುವ ವಿನ್ಯಾಸದ ಬದಲಾವಣೆ ದೊಡ್ಡ ಬದಲಾವಣೆಯ ಪಟ್ಟಿಯಲ್ಲಿವೆ, ಮೊದಲು ಅನುಮತಿ ಪಡೆದೇ ಮಾಡಬೇಕು.

ಬ್ಯಾಟರಿ: ಐಇಸಿ 60601-2-24 ಕೇಳುವುದು ಬ್ಯಾಟರಿ ಮುಗಿಯುವ ಕನಿಷ್ಠ 30 ನಿಮಿಷ ಮೊದಲು ಎಚ್ಚರಿಕೆ, ಪೂರ್ತಿ ಮುಗಿದಾಗ ಹರಿವು ನಿಲ್ಲಿಸಿ ಕನಿಷ್ಠ 3 ನಿಮಿಷ ಅಲಾರಂ. ಆ 3 ನಿಮಿಷಕ್ಕೆ ಬೇಕಾದ ಚಾರ್ಜನ್ನು ಮೀಸಲಿಡಬೇಕು. ಹೊಸ ಬ್ಯಾಟರಿಯಲ್ಲಿ ಪಾಸಾಗಿ, ಸವೆದ ಬ್ಯಾಟರಿಯಲ್ಲಿ 30 ನಿಮಿಷ 8 ನಿಮಿಷವಾಗುವುದು ವೋಲ್ಟೇಜ್ ಮಾತ್ರ ನೋಡಿ ಅಂದಾಜು ಹಾಕುವ ವಿನ್ಯಾಸದಲ್ಲಿ. ಒಳಹೋದ, ಹೊರಬಂದ ಚಾರ್ಜ್ ಎಣಿಸುವ ಚಿಪ್ ಹಾಕಿ, ಹಳೆಯ ಸೆಲ್‌ನಲ್ಲೂ ಪರೀಕ್ಷಿಸಿ. ಲಿಥಿಯಂ ಪ್ಯಾಕ್ ಆದರೆ ಬಿಐಎಸ್‌ನ ಐಎಸ್ 16046 ನೋಂದಣಿ ಇರುವ ಪ್ಯಾಕನ್ನೇ ಕೊಳ್ಳಿ. ಸಾಗಣೆಗೆ ಯುಎನ್ 38.3 (ಲಿಥಿಯಂ ಬ್ಯಾಟರಿ ಸಾಗಣೆಯ ಸುರಕ್ಷತಾ ಪರೀಕ್ಷೆ) ವರದಿಯನ್ನೂ ಸಪ್ಲೈಯರ್ ಬಳಿ ಕೇಳಿ, ಕೊರಿಯರ್‌ನವರು ಕೇಳುತ್ತಾರೆ.

ಲ್ಯಾಬ್‌ಗೆ ಸ್ಯಾಂಪಲ್ ಕಳಿಸುವಾಗ ಫರ್ಮ್‌ವೇರ್ ಆವೃತ್ತಿ ಸಂಖ್ಯೆ, ಬೋರ್ಡ್ ಪರಿಷ್ಕರಣೆ ಸಂಖ್ಯೆ, ಫೋಟೋ ವರದಿಯಲ್ಲೇ ಬರುವಂತೆ ನೋಡಿಕೊಳ್ಳಿ. ವಿಶಾಖಪಟ್ಟಣದ ಎಎಂಟಿಝಡ್‌ನಲ್ಲಿ (ವೈದ್ಯಕೀಯ ಉಪಕರಣ ತಯಾರಿಕಾ ವಲಯ) ವಿದ್ಯುತ್ ಸುರಕ್ಷತೆ, ಇಎಂಸಿ ಎರಡೂ ಒಂದೇ ಆವರಣದಲ್ಲಿವೆ, ಚೆನ್ನೈನ ಸಮೀರ್‌ನಲ್ಲಿ ಇಎಂಸಿ ಇದೆ. ಎಲ್ಲಿಗೆ ಕಳಿಸಿದರೂ ಲ್ಯಾಬ್‌ನ ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ಮಂಡಳಿ) ವ್ಯಾಪ್ತಿಪಟ್ಟಿಯಲ್ಲಿ 60601-2-24 ಎಂಬ ಸಂಖ್ಯೆಯೇ ಇದೆಯೇ ಎಂದು ಮೊದಲು ನೋಡಿ. 60601-1 ಮಾತ್ರ ಇರುವ ಲ್ಯಾಬ್‌ಗಳೂ "ಮಾಡಿಕೊಡ್ತೀವಿ" ಅನ್ನುತ್ತವೆ, ವರದಿಯಲ್ಲಿ ಆ ಭಾಗಕ್ಕೆ ಎನ್‌ಎಬಿಎಲ್ ಚಿಹ್ನೆ ಇರುವುದಿಲ್ಲ.